ಹಳೆ ಕೇಬಲ್ ಬಾಕ್ಸ್ ತೆಗೆದು ಹೊಸ ಎಚ್‌ಡಿ ಬಾಕ್ಸ್ ಹಾಕುವುದು ಹೇಗೆ: ಹಂತ ಹಂತವಾಗಿ

ಹೊಸ ಬಾಕ್ಸ್ ತಂದು ಜೋಡಿಸಿದ ಮೇಲೆ ಬರುವ ದೂರುಗಳು ಹೆಚ್ಚುಕಡಿಮೆ ಎರಡೇ. ಒಂದು, ಪರದೆಯ ಮೇಲೆ ‘ನೋ ಸಿಗ್ನಲ್’. ಇನ್ನೊಂದು, ಎಚ್‌ಡಿ ಬಾಕ್ಸಿಗೆ ದುಡ್ಡು ಕೊಟ್ಟರೂ ಚಿತ್ರ ಮೊದಲಿನಷ್ಟೇ ಮಂಕು. ಜನ ಬಾಕ್ಸನ್ನು ಬೈಯುತ್ತಾರೆ, ವಾಪಸ್ ಕೊಟ್ಟು ಇನ್ನೊಂದು ತರುತ್ತಾರೆ, ಅದೂ ಹಾಗೇ ಆಡುತ್ತದೆ. ಹೊಸ ಬಾಕ್ಸೇ ಕೆಟ್ಟಿರುವುದು ಕಡಿಮೆ. ಗೋಡೆಯಿಂದ ಬರುವ ವೈರು, ಅದರ ತುದಿಯ ಪಿನ್ನು, ಆಕ್ಟಿವೇಶನ್ ಮಾಡಿಸಿದ ಹೊತ್ತು, ಟಿವಿಗೆ ಹಾಕಿದ ಕೇಬಲ್ಲು, ಈ ನಾಲ್ಕರಲ್ಲಿ ಎಲ್ಲೋ ಒಂದು ಕಡೆ ತಪ್ಪಾಗಿರುತ್ತದೆ. ಅದಕ್ಕೇ ಇಲ್ಲಿ ಕೆಲಸದ ಕ್ರಮಕ್ಕೆ ಜಾಸ್ತಿ ಒತ್ತು ಕೊಟ್ಟಿದ್ದೇನೆ. ಒಂದು ಹಂತ ಮುಗಿಸದೆ ಮುಂದಿನದಕ್ಕೆ ಕೈ ಹಾಕಬೇಡಿ.

ಇದು ಕೇಬಲ್ ಬಾಕ್ಸ್ ತೆಗೆದು ಕೇಬಲ್ ಬಾಕ್ಸನ್ನೇ ಹಾಕುವವರಿಗೆ. ಬೆಂಗಳೂರು, ಮೈಸೂರುಗಳಲ್ಲಿ ಕೇಬಲ್ ಟಿವಿ ಡಿಜಿಟಲ್ ಆಗಲೇಬೇಕು ಅಂತ ಇದ್ದ 2013ರ ಮಾರ್ಚ್ 31ರ ಗಡುವಿನ ಹೊತ್ತಿಗೆ ಹಾಕಿಸಿದ ಬಾಕ್ಸ್‌ಗಳು ಇನ್ನೂ ಕೆಲವು ಮನೆಗಳಲ್ಲಿ ಓಡುತ್ತಿವೆ. ಆಗಿನ ಎಸ್‌ಡಿ (ಎಚ್‌ಡಿಗಿಂತ ಕಡಿಮೆ ಸ್ಪಷ್ಟತೆಯ) ಬಾಕ್ಸ್‌ಗಳಲ್ಲಿ ಎಚ್‌ಡಿ ಚಾನೆಲ್ ಬರುವುದಿಲ್ಲ. ಅವುಗಳಲ್ಲೂ ಕೆಲವಕ್ಕೆ ಚಿತ್ರವನ್ನು ಕುಗ್ಗಿಸಿ ಕಳಿಸುವ ಹಳೆಯ ವಿಧಾನವಾದ ಎಂಪೆಗ್-2 ಮಾತ್ರ ಗೊತ್ತು. ಎಂಪೆಗ್-4ರಲ್ಲಿ ಬರುವ ಚಾನೆಲ್ ಹಾಕಿದರೆ ದನಿ ಕೇಳಿಸುತ್ತದೆ, ಪರದೆ ಕಪ್ಪಗೇ ಇರುತ್ತದೆ. ನಿಮ್ಮ ಮನೆಯಲ್ಲಿ ಹೀಗಾಗುತ್ತಿದ್ದರೆ ಬಾಕ್ಸ್ ಬದಲಾಯಿಸುವುದೇ ದಾರಿ.

ಕೊಳ್ಳುವ ಮೊದಲು ಅಡಾಪ್ಟರ್ ನೋಡಿ

ಬಾಕ್ಸ್ ಪದೇಪದೇ ಆಫ್ ಆಗಿ ಆನ್ ಆಗುತ್ತಿದೆಯಾ? ಮುಂದಿನ ದೀಪ ಮಿಣುಕುತ್ತಾ ಅಲ್ಲೇ ನಿಲ್ಲುತ್ತಿದೆಯಾ? ಬಾಕ್ಸ್ ಸತ್ತಿದೆ ಅಂತ ತೀರ್ಮಾನಿಸುವ ಮೊದಲು ಅಡಾಪ್ಟರ್ ಬದಲಾಯಿಸಿ ನೋಡಿ. ವರ್ಷಗಳಾದ ಮೇಲೆ ಅಡಾಪ್ಟರ್ ಸೋಲುತ್ತದೆ. ಬಾಕ್ಸಿಗೆ ಬೇಕಾದಷ್ಟು ಕರೆಂಟ್ ಕೊಡಲು ಅದಕ್ಕೆ ಆಗುವುದಿಲ್ಲ.

ಬಾಕ್ಸಿನ ಬೆನ್ನ ಮೇಲೆ 12 ವೋಲ್ಟ್ ಅಂತಲೋ 5 ವೋಲ್ಟ್ ಅಂತಲೋ ಬರೆದಿರುತ್ತದೆ. ಅಡಾಪ್ಟರ್ ಮೇಲೂ ಅದೇ ವೋಲ್ಟ್ ಇರಬೇಕು. ಪ್ಲಸ್-ಮೈನಸ್ ಗುರುತಿನ ಚಿತ್ರವೂ ಹೊಂದಬೇಕು. ಆಂಪಿಯರ್ ಅಷ್ಟೇ ಇರಲಿ ಅಥವಾ ಜಾಸ್ತಿ ಇರಲಿ, ಕಡಿಮೆ ಮಾತ್ರ ಬೇಡ. ಪಿನ್ ಸರಿಯಾಗಿ ಕೂರುತ್ತದೆ ಅಂತ 5 ವೋಲ್ಟಿನ ಬಾಕ್ಸಿಗೆ ವೈಫೈ ರೌಟರಿನ 12 ವೋಲ್ಟ್ ಅಡಾಪ್ಟರ್ ಚುಚ್ಚಿ ಬಾಕ್ಸ್ ಸುಟ್ಟುಕೊಂಡವರಿದ್ದಾರೆ.

ಬೇಕಾಗುವ ಸಾಮಾನು

ಎಚ್‌ಡಿಎಂಐ ಕೇಬಲ್ ಒಂದು. ಬಾಕ್ಸ್ ಜೊತೆ ಬರುವುದು ಸಾಮಾನ್ಯವಾಗಿ ಗಿಡ್ಡದು. ಟಿವಿ ಗೋಡೆಯ ಮೇಲಿದ್ದರೆ ಅಳತೆ ಹಿಡಿದು ಬೇರೆ ತನ್ನಿ. ಕೇಬಲ್ ವೈರಿನ ತುದಿಗೆ ತಿರುಗಿಸಿ ಹಾಕುವ ಎಫ್ ಪಿನ್ನು ಎರಡು-ಮೂರು. ವೈರ್ ಸುಲಿಯಲು ಕಟರ್ ಅಥವಾ ಹರಿತವಾದ ಬ್ಲೇಡ್. 11 ಎಂಎಂ ಸ್ಪ್ಯಾನರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಕೈಬೆರಳೇ ಸಾಕು. ಒಂದು ಟೆಸ್ಟರ್. ಫೋಟೊ ತೆಗೆಯಲು, ಟಾರ್ಚ್ ಹಾಕಲು ಮೊಬೈಲ್. ವೈರ್ ಹಳೆಯದಾಗಿದ್ದರೆ ಒಂದಷ್ಟು ಮೀಟರ್ ಆರ್‌ಜಿ-6 ವೈರ್. ಇವೆಲ್ಲ ತಾಲ್ಲೂಕು ಊರಿನ ಎಲೆಕ್ಟ್ರಿಕಲ್ ಅಂಗಡಿಗಳಲ್ಲೇ ಸಿಗುತ್ತವೆ. ಬೆಂಗಳೂರಿನವರಿಗಂತೂ ಎಸ್.ಪಿ. ರೋಡ್ ಇದ್ದೇ ಇದೆ.

ಹಂತ 1: ಕೇಬಲ್‌ನವರ ಹತ್ತಿರ ಮೊದಲು ಮಾತಾಡಿ

ಕೇಬಲ್ ಬಾಕ್ಸನ್ನು ಅಂಗಡಿಯಿಂದ ಮಿಕ್ಸಿ ತಂದ ಹಾಗೆ ತರಲು ಆಗುವುದಿಲ್ಲ. ನಿಮ್ಮ ಬೀದಿಗೆ ವೈರ್ ಎಳೆದವರು ಒಂದು ದೊಡ್ಡ ಕಂಪನಿಯಿಂದ ಸಿಗ್ನಲ್ ತಗೊಂಡಿರುತ್ತಾರೆ. ಆ ಕಂಪನಿ ಚಾನೆಲ್‌ಗಳಿಗೆ ಬೀಗ ಹಾಕಿ ಕಳಿಸುತ್ತದೆ. ಆ ಬೀಗ ತೆಗೆಯುವ ಕೀಲಿ ಅದೇ ಕಂಪನಿಯ ಬಾಕ್ಸಿನಲ್ಲಿ ಮಾತ್ರ ಇರುತ್ತದೆ. ಬೇರೆ ಕಂಪನಿಯ ಬಾಕ್ಸ್, ನೆಂಟರ ಮನೆಯಲ್ಲಿ ಸುಮ್ನೆ ಬಿದ್ದಿರುವ ಡಿಟಿಎಚ್ ಬಾಕ್ಸ್ ಯಾವುದೂ ಕೆಲಸಕ್ಕೆ ಬರುವುದಿಲ್ಲ. ಆನ್‌ಲೈನಿನಲ್ಲಿ ಸಿಗುವ ಸೆಕೆಂಡ್ ಹ್ಯಾಂಡ್ ಬಾಕ್ಸ್ ಅದೇ ಕಂಪನಿಯದಾಗಿದ್ದರೂ ಮೊದಲಿನ ಗ್ರಾಹಕರ ಹೆಸರಿನಲ್ಲಿ ಇರುತ್ತದೆ. ಅದಕ್ಕೆ ದುಡ್ಡು ಹಾಕಬೇಡಿ.

ಫೋನ್ ಮಾಡಿದಾಗ ಹೀಗೆ ನೇರವಾಗಿ ಕೇಳಿ: ‘ಅಣ್ಣಾ, ಕೊಡ್ತಿರೋದು ಎಚ್‌ಡಿ ಬಾಕ್ಸೇನಾ? ಬಾಕ್ಸ್ ನಮ್ಮದೇ ಆಗುತ್ತಾ, ಇಲ್ಲ ಬಾಡಿಗೆಗಾ? ಪ್ಯಾಕ್ ಕೂಡ ನೀವೇ ಎಚ್‌ಡಿಗೆ ಬದಲಾಯಿಸ್ತೀರಾ? ಎಲ್ಲಾ ಸೇರಿ ಎಷ್ಟಾಗುತ್ತೆ, ಬಿಲ್ ಕೊಡ್ತೀರಾ?’

ಕೊನೆಯ ಎರಡು ಪ್ರಶ್ನೆ ಕೇಳಲು ಸಂಕೋಚ ಬೇಡ. ಬಾಕ್ಸ್ ಬದಲಾದರೆ ಪ್ಯಾಕ್ ತಾನಾಗಿ ಬದಲಾಗುವುದಿಲ್ಲ. ಒಂದೇ ಚಾನೆಲಿನ ಎಸ್‌ಡಿ, ಎಚ್‌ಡಿ ಎರಡಕ್ಕೂ ಬೇರೆಬೇರೆ ದರ, ಬೇರೆಬೇರೆ ನಂಬರ್. ಹಳೆ ಎಸ್‌ಡಿ ಪ್ಯಾಕನ್ನೇ ಹೊಸ ಬಾಕ್ಸಿಗೆ ಹಾಕಿದರೆ ಎಚ್‌ಡಿ ಬಾಕ್ಸಿನಲ್ಲೂ ಎಸ್‌ಡಿ ಚಿತ್ರವೇ ಬರುತ್ತದೆ. ಹೇಳುವ ದರಕ್ಕೆ ಶೇ 18 ಜಿಎಸ್‌ಟಿ ಸೇರಿದೆಯೋ ಇಲ್ಲವೋ ಅನ್ನುವುದನ್ನೂ ಈಗಲೇ ಕೇಳಿಕೊಳ್ಳಿ. ಬಾಡಿಗೆ ಬಾಕ್ಸ್ ಆದರೆ ಡಿಪಾಸಿಟ್ ಎಷ್ಟು, ವಾಪಸ್ ಕೊಟ್ಟಾಗ ಎಷ್ಟು ಸಿಗುತ್ತದೆ ಅಂತ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಬಾಯಿಮಾತು ಬೇಡ.

ಹಂತ 2: ಹಳೆ ಬಾಕ್ಸ್ ಬಿಚ್ಚುವ ಮೊದಲು

ಮೊದಲು ಹಳೆ ಬಾಕ್ಸಿನ ಹಿಂಭಾಗದ ಫೋಟೊ ತೆಗೆಯಿರಿ. ಯಾವ ವೈರ್ ಎಲ್ಲಿತ್ತು ಅನ್ನುವುದು ಬಿಚ್ಚಿದ ಮೇಲೆ ನೆನಪಿರುವುದಿಲ್ಲ.

ಆಮೇಲೆ ಬಾಕ್ಸ್ ತಿರುಗಿಸಿ ಕೆಳಗಿನ ಸ್ಟಿಕರ್ ಫೋಟೊ ತೆಗೆಯಿರಿ. ಸೀರಿಯಲ್ ನಂಬರ್, ವಿಸಿ (ವ್ಯೂಯಿಂಗ್ ಕಾರ್ಡ್) ನಂಬರ್ ಎರಡೂ ಓದಲು ಬರಬೇಕು. ಸ್ಟಿಕರ್ ಅಳಿಸಿಹೋಗಿದ್ದರೆ ರಿಮೋಟಿನಲ್ಲಿ ಮೆನು ಒತ್ತಿ, ಬಾಕ್ಸ್ ಮಾಹಿತಿ ಇರುವ ಜಾಗಕ್ಕೆ ಹೋಗಿ. ನಂಬರ್ ಅಲ್ಲಿ ಸಿಗುತ್ತದೆ. ಹಳೆಯ ಸ್ಮಾರ್ಟ್ ಕಾರ್ಡ್ ತೆಗೆದು ಹೊಸ ಬಾಕ್ಸಿಗೆ ಹಾಕಿ ನೋಡುವವರಿದ್ದಾರೆ. ಕಾರ್ಡನ್ನು ಹಳೆ ಬಾಕ್ಸಿಗೇ ಜೋಡಿ ಮಾಡಿರುತ್ತಾರೆ, ಹೊಸದರಲ್ಲಿ ನಡೆಯುವುದಿಲ್ಲ. ಎಷ್ಟೋ ಹೊಸ ಬಾಕ್ಸ್‌ಗಳಲ್ಲಿ ಕಾರ್ಡ್ ಹಾಕುವ ಜಾಗವೇ ಇರುವುದಿಲ್ಲ.

ಕೊನೆಯದಾಗಿ, ಹೆಚ್ಚಿನವರು ಬಿಟ್ಟುಬಿಡುವ ಕೆಲಸ. ಹಳೆ ಬಾಕ್ಸ್ ಇನ್ನೂ ನಡೆಯುತ್ತಿದ್ದರೆ ಅದರ ಮೆನುವಿನಲ್ಲಿ ಸಿಗ್ನಲ್ ಪುಟ ತೆರೆಯಿರಿ. ಅಲ್ಲಿ ಎರಡು ಪಟ್ಟಿ ಕಾಣುತ್ತವೆ: ಸ್ಟ್ರೆಂತ್, ಕ್ವಾಲಿಟಿ. ನೀವು ನೋಡಬೇಕಾದದ್ದು ಕ್ವಾಲಿಟಿ. ಸ್ಟ್ರೆಂತ್ ಎಷ್ಟೇ ಇದ್ದರೂ ಕ್ವಾಲಿಟಿ ಏರಿಳಿಯುತ್ತಿದ್ದರೆ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಹಾಗಿದ್ದರೆ ನಿಮ್ಮ ತೊಂದರೆ ವೈರಿನಲ್ಲಿದೆ. ಬಾಕ್ಸ್ ಬದಲಾಯಿಸಿದರೂ ಅದು ಹೋಗುವುದಿಲ್ಲ. ಈ ಪುಟದ ಫೋಟೊನೂ ಇರಲಿ, ಆಮೇಲೆ ಹೋಲಿಸಿ ನೋಡಲು ಬೇಕಾಗುತ್ತದೆ.

ಹಂತ 3: ವೈರು ಮತ್ತು ಪಿನ್ನು

ಅರ್ಧ ಗಂಟೆ ಇಲ್ಲಿ ಕೊಡಿ. ಸೋಲುವವರಲ್ಲಿ ಹೆಚ್ಚಿನವರು ಸೋಲುವುದು ಇಲ್ಲೇ.

ಗೋಡೆಯಿಂದ ಬರುವ ವೈರಿನ ತುದಿಯ ಪಿನ್ನನ್ನು ಟಾರ್ಚ್ ಬೆಳಕಿನಲ್ಲಿ ನೋಡಿ. ನಡುವಿನ ತಾಮ್ರದ ತಂತಿ ಹೊಳೆಯುತ್ತಿರಬೇಕು, ನೆಟ್ಟಗಿರಬೇಕು. ಕಪ್ಪಾಗಿದ್ದರೆ, ಹಸಿರು ಕಿಲುಬು ಹಿಡಿದಿದ್ದರೆ ಕತ್ತರಿಸಿ ಹೊಸದು ಹಾಕಿ. ಮಂಗಳೂರು, ಉಡುಪಿ, ಕಾರವಾರದ ಕಡೆ ಉಪ್ಪುಗಾಳಿಗೆ ಪಿನ್ನು ಬೇಗ ಕಿಲುಬು ಹಿಡಿಯುತ್ತದೆ. ಮಲೆನಾಡಿನಲ್ಲಿ ಮಳೆನೀರು ವೈರಿನೊಳಗೆ ಇಳಿದಿರುತ್ತದೆ. ಕತ್ತರಿಸಿದ ಜಾಗದಲ್ಲಿ ಒಳಗಿನ ಜಾಲರಿ ಕಪ್ಪಗೆ, ಒದ್ದೆಯಾಗಿ ಕಂಡರೆ ಅಡಿಗೊಮ್ಮೆ ಕತ್ತರಿಸುತ್ತಾ ಹೋಗುವುದರಲ್ಲಿ ಅರ್ಥವಿಲ್ಲ. ಹೊಸ ವೈರ್ ಎಳೆಸಿಕೊಳ್ಳಿ.

ಪಿನ್ನು ಹಾಕುವ ಕ್ರಮ ಹೀಗೆ. ತುದಿಯಿಂದ ಒಂದೂವರೆ ಸೆಂಟಿಮೀಟರ್‌ನಷ್ಟು ಹೊರಗಿನ ಸಿಪ್ಪೆ ಮಾತ್ರ ಸುಲಿಯಿರಿ. ಬ್ಲೇಡನ್ನು ಜೋರಾಗಿ ಒತ್ತಿದರೆ ಒಳಗಿನ ಜಾಲರಿಯೂ ತುಂಡಾಗುತ್ತದೆ, ಹಗುರವಾಗಿ ಸುತ್ತ ತಿರುಗಿಸಿ. ಜಾಲರಿಯನ್ನು ಪೂರ್ತಿ ಹಿಂದಕ್ಕೆ ಮಡಚಿ ಸಿಪ್ಪೆಯ ಮೇಲೆ ಕೂರಿಸಿ. ಈಗ ಬೆಳ್ಳಿಬಣ್ಣದ ಹಾಳೆ ಸುತ್ತಿದ ಬಿಳಿ ಭಾಗ ಕಾಣುತ್ತದೆ. ಅದರ ತುದಿಯಲ್ಲಿ ಒಂದು ಸೆಂಟಿಮೀಟರ್‌ನಷ್ಟು ಬಿಳಿ ತೆಗೆದು ತಾಮ್ರದ ತಂತಿ ಬಯಲು ಮಾಡಿ. ತಂತಿಗೆ ಬ್ಲೇಡಿನ ಗಾಯ ಆಗಬಾರದು, ಗಾಯವಾದರೆ ಅಲ್ಲೇ ಮುರಿಯುತ್ತದೆ. ಪಿನ್ನನ್ನು ಒತ್ತಿ ತಿರುಗಿಸಿ ಒಳಗೆ ಕೂರಿಸಿ. ಪಿನ್ನಿನ ಬಾಯಿಯೊಳಗೆ ನೋಡಿದರೆ ಬಿಳಿ ಭಾಗ ತಳಕ್ಕೆ ಸಮನಾಗಿ ಬಂದಿರಬೇಕು. ತಾಮ್ರದ ತಂತಿ ಪಿನ್ನಿನ ಅಂಚಿನಿಂದ ಎರಡು-ಮೂರು ಮಿಲಿಮೀಟರ್ ಮುಂದಿರಬೇಕು, ಜಾಸ್ತಿ ಇದ್ದರೆ ಕತ್ತರಿಸಿ.

ಒಂದು ವಿಷಯ ಮಾತ್ರ ಎರಡೆರಡು ಸಲ ನೋಡಿ. ಜಾಲರಿಯ ಕೂದಲೆಳೆಯಂಥ ಒಂದು ತಂತಿ ಒಳಗೆ ನಡುವಿನ ತಾಮ್ರಕ್ಕೆ ತಾಗಿದರೂ ಸಾಕು, ಸಿಗ್ನಲ್ ಶಾರ್ಟ್ ಆಗುತ್ತದೆ. ಬಾಕ್ಸ್, ಅಡಾಪ್ಟರ್, ಎಚ್‌ಡಿಎಂಐ ಎಲ್ಲಾ ಬದಲಾಯಿಸಿದರೂ ‘ನೋ ಸಿಗ್ನಲ್’ ಹೋಗದ ಮನೆಗಳಲ್ಲಿ ಈ ಒಂದು ಎಳೆಯನ್ನು ಹುಡುಕಿ.

ಇನ್ನು ಒಂದು ವೈರನ್ನು ಹಲವು ಟಿವಿಗೆ ಹಂಚುವ ಸ್ಪ್ಲಿಟರ್. ಎರಡು ದಾರಿಯ ಸ್ಪ್ಲಿಟರ್ ಸಿಗ್ನಲನ್ನು ಸುಮಾರು 3.5ರಿಂದ 4 ಡಿಬಿ (ಡೆಸಿಬೆಲ್, ಸಿಗ್ನಲ್ ಅಳೆಯುವ ಲೆಕ್ಕ) ಇಳಿಸುತ್ತದೆ, ನಾಲ್ಕು ದಾರಿಯದು 7-8 ಡಿಬಿ. ಟಿವಿ ಒಂದೇ ಇದ್ದರೆ ಸ್ಪ್ಲಿಟರ್ ತೆಗೆದು ನೇರ ಜೋಡಿಸಿ. ಬೇಕೇ ಬೇಕಾದರೆ ಅದರ ಮೇಲಿನ ಬರಹ ಓದಿ. ಕೇಬಲಿಗೆ 5ರಿಂದ 1000 ಮೆಗಾಹರ್ಟ್ಸ್ ಅಂತ ಇರುವುದು ಬೇಕು. 950ರಿಂದ 2400 ಅಂತ ಇದ್ದರೆ ಅದು ಡಿಶ್‌ಗೆ ಮಾಡಿದ್ದು. ಎರಡೂ ನೋಡಲು ಒಂದೇ ಥರ, ಅಂಗಡಿಯವರೂ ಅವಸರದಲ್ಲಿ ಅದನ್ನೇ ಕೊಟ್ಟುಬಿಡುತ್ತಾರೆ.

ಸಿಗ್ನಲ್ ಕಡಿಮೆ ಅಂತ ನೀವಾಗಿಯೇ ಬೂಸ್ಟರ್ ತಂದು ಹಾಕಬೇಡಿ. ಕೆಟ್ಟ ಪಿನ್ನಿನಿಂದ ಬಂದ ಗದ್ದಲವನ್ನೂ ಅದು ಸಿಗ್ನಲ್ ಜೊತೆಗೇ ದೊಡ್ಡದು ಮಾಡುತ್ತದೆ. ಸಿಗ್ನಲ್ ಅತಿಯಾದರೂ ಬಾಕ್ಸ್ ತಡವರಿಸುತ್ತದೆ. ಮೀಟರ್ ಇರುವ ಹುಡುಗ ಬಂದಾಗ ಬಾಕ್ಸಿಗೆ ಹಾಕುವ ತುದಿಯಲ್ಲೇ ಅಳೆಯಲು ಹೇಳಿ. ಸುಮಾರು 50ರಿಂದ 70 ಡಿಬಿ ಮೈಕ್ರೋವೋಲ್ಟ್ ನಡುವೆ ಇದ್ದರೆ ನೆಮ್ಮದಿ. ಕಂಬದ ಹತ್ತಿರ ಅಳೆದು ‘ಸರಿ ಇದೆ ಸಾರ್’ ಅಂದರೆ ಒಪ್ಪಬೇಡಿ. ಕಂಬದಿಂದ ನಿಮ್ಮ ಟಿವಿವರೆಗಿನ ವೈರ್ ಅಲ್ವಾ ನೋಡಬೇಕಾದದ್ದು?

ಇಲ್ಲಿ ನಿಲ್ಲಿಸಿ: ಜುಮ್ ಅನ್ನುವ ವೈರ್

ಪಿನ್ನು ಮುಟ್ಟಿದಾಗ ಕೈ ಜುಮ್ ಅಂದರೆ ಅಥವಾ ಟೆಸ್ಟರ್ ಇಟ್ಟಾಗ ದೀಪ ಹತ್ತಿದರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಟಿವಿ, ಬಾಕ್ಸ್ ಎರಡರ ಪ್ಲಗ್ಗೂ ಕಿತ್ತು ಮತ್ತೆ ಟೆಸ್ಟರ್ ಇಡಿ. ಆಗ ದೀಪ ಹತ್ತದಿದ್ದರೆ ಲೀಕ್ ಬರುತ್ತಿರುವುದು ನಿಮ್ಮ ಟಿವಿಯಿಂದಲೋ ಅಡಾಪ್ಟರಿನಿಂದಲೋ. ಎಲೆಕ್ಟ್ರಿಷಿಯನ್‌ಗೆ ತೋರಿಸಿ ಅರ್ತಿಂಗ್ ನೋಡಿಸಿ. ಎಲ್ಲಾ ಕಿತ್ತ ಮೇಲೂ ಹತ್ತಿದರೆ ಕರೆಂಟ್ ಹೊರಗಿನಿಂದ ಬರುತ್ತಿದೆ. ಬೀದಿಯಲ್ಲಿರುವ ಕೇಬಲ್‌ನವರ ಆಂಪ್ಲಿಫೈಯರಿಗೆ ಇದೇ ಬಗೆಯ ವೈರಿನಲ್ಲಿ ಕರೆಂಟ್ ಹೋಗುತ್ತದೆ, ಕೆಲವು ಕಡೆ ವೈರ್ ವಿದ್ಯುತ್ ಲೈನಿಗೂ ತಾಗಿರುತ್ತದೆ. ಆ ತುದಿಯನ್ನು ಯಾರೂ ಮುಟ್ಟದ ಹಾಗೆ ಬಿಟ್ಟು ಕೇಬಲ್‌ನವರಿಗೆ ಆಗಲೇ ಫೋನ್ ಮಾಡಿ. ಮಕ್ಕಳಿರುವ ಮನೆಯಲ್ಲಿ ‘ನಾಳೆ ನೋಡೋಣ’ ಅನ್ನುವುದು ಬೇಡವೇ ಬೇಡ.

ಗುಡುಗು ಮಿಂಚು ಇರುವಾಗಲೂ ಈ ಕೆಲಸ ಮಾಡಬೇಡಿ. ಮಳೆಗಾಲದಲ್ಲಿ ಮಿಂಚು ಶುರುವಾಗುವ ಮೊದಲೇ ಕರೆಂಟ್ ಪ್ಲಗ್ ಜೊತೆಗೆ ಕೇಬಲ್ ಪಿನ್ನನ್ನೂ ಬಾಕ್ಸಿನಿಂದ ಬಿಚ್ಚಿಡಿ. ಪ್ಲಗ್ ಮಾತ್ರ ಕಿತ್ತರೆ ಸಾಲದು.

ಹಂತ 4: ಜೋಡಣೆ

ಟಿವಿ, ಬಾಕ್ಸ್ ಎರಡರ ಸ್ವಿಚ್ಚೂ ಗೋಡೆಯಲ್ಲೇ ಆಫ್ ಇರಲಿ. ಕರೆಂಟ್ ಇರುವಾಗ ಎಚ್‌ಡಿಎಂಐ ಚುಚ್ಚಿ ಕೀಳಬಾರದು. ಅರ್ತಿಂಗ್ ಸರಿ ಇಲ್ಲದ ಮನೆಗಳಲ್ಲಿ ಟಿವಿಯ ಎಚ್‌ಡಿಎಂಐ ಪೋರ್ಟ್ ಸುಡುವುದು ಹೀಗೆಯೇ. ಅದರ ರಿಪೇರಿ ಖರ್ಚು ಬಾಕ್ಸಿನ ಬೆಲೆಯನ್ನೂ ಮೀರಬಹುದು.

ಮೊದಲು ಕೇಬಲ್ ಪಿನ್ನು, ಕೈಬೆರಳಲ್ಲಿ ಪೂರ್ತಿ ತಿರುಗಿಸಿ. ಸ್ಪ್ಯಾನರಿನಲ್ಲಿ ಇನ್ನು ಸ್ವಲ್ಪವೇ ಬಿಗಿ ಮಾಡಿ, ಜಾಸ್ತಿ ಮಾಡಿದರೆ ಬಾಕ್ಸಿನ ಬಾಯಿಯೇ ಸಡಿಲವಾಗುತ್ತದೆ. ಆಮೇಲೆ ಎಚ್‌ಡಿಎಂಐ. ಕೊನೆಗೆ ಅಡಾಪ್ಟರ್.

ಹಳೆಯ ಹಳದಿ-ಕೆಂಪು-ಬಿಳಿ ಕೇಬಲ್ಲನ್ನೇ ಹೊಸ ಬಾಕ್ಸಿಗೂ ಚುಚ್ಚುವುದು ತೀರಾ ಸಾಮಾನ್ಯ ತಪ್ಪು. ಆ ಕೇಬಲ್ಲಿನಲ್ಲಿ ಎಚ್‌ಡಿ ಚಿತ್ರ ಹೋಗುವುದೇ ಇಲ್ಲ. ಎಚ್‌ಡಿಎಂಐ ಇಲ್ಲದ ದಪ್ಪ ಟಿವಿಯಾದರೆ ಅದನ್ನೇ ಹಾಕಬೇಕಾಗುತ್ತದೆ. ಆಗ ಎಚ್‌ಡಿ ಪ್ಯಾಕಿಗೆ ದುಡ್ಡು ಕೊಡುವುದು ದಂಡ.

ಬಾಕ್ಸನ್ನು ಟಿವಿಯ ಹಿಂದೆ ಸಿಕ್ಕಿಸಬೇಡಿ. ಮುಚ್ಚಿದ ಶೋಕೇಸ್, ಬಟ್ಟೆ ಹೊದಿಸುವುದು, ಹಳೆ ಬಾಕ್ಸ್ ಮೇಲೆ ಹೊಸದನ್ನು ಇಡುವುದು ಎಲ್ಲಾ ಬಿಸಿ ಹೆಚ್ಚಿಸುತ್ತವೆ. ಸುತ್ತ ನಾಲ್ಕು ಬೆರಳಿನಷ್ಟು ಜಾಗ ಇರಲಿ.

ಹಂತ 5: ಮೊದಲ ಸಲ ಆನ್ ಮಾಡುವಾಗ

ಟಿವಿ ಆನ್ ಮಾಡಿ, ಟಿವಿಯ ರಿಮೋಟಿನಲ್ಲಿ ಸೋರ್ಸ್ ಅಥವಾ ಇನ್‌ಪುಟ್ ಒತ್ತಿ, ನೀವು ಕೇಬಲ್ ಹಾಕಿದ ಎಚ್‌ಡಿಎಂಐ ನಂಬರನ್ನೇ ಆರಿಸಿ. ಇಲ್ಲೊಂದು ಗುಟ್ಟಿದೆ. ‘ನೋ ಸಿಗ್ನಲ್’ ಅಂತ ಹೇಳುತ್ತಿರುವವರು ಯಾರು ಅಂತ ನೋಡಿ. ಬಾಕ್ಸಿನ ಮೆನು ಕೂಡ ಕಾಣದೆ ಟಿವಿಯೇ ಹಾಗೆ ತೋರಿಸುತ್ತಿದ್ದರೆ ತೊಂದರೆ ಎಚ್‌ಡಿಎಂಐ ಅಥವಾ ಸೋರ್ಸ್‌ನಲ್ಲಿ. ಬಾಕ್ಸಿನ ಮೆನು ತೆರೆಯುತ್ತದೆ, ಚಾನೆಲ್ ಮಾತ್ರ ಇಲ್ಲ ಅಂದರೆ ಗೋಡೆಯ ವೈರಿನಲ್ಲಿ. ಕೇಬಲ್‌ನವರಿಗೆ ಫೋನ್ ಮಾಡುವಾಗ ಇದನ್ನು ಹೇಳಿದರೆ ಅರ್ಧ ಕೆಲಸ ಮುಗಿದ ಹಾಗೆ.

ಹೊಸ ಬಾಕ್ಸ್ ಮೊದಲ ಸಲ ಸಾಫ್ಟ್‌ವೇರ್ ಇಳಿಸಿಕೊಳ್ಳಬಹುದು. ಪಟ್ಟಿ ನಿಧಾನವಾಗಿ ಮುಂದೆ ಹೋಗುತ್ತದೆ, ನಡುವೆ ನಿಂತ ಹಾಗೂ ಕಾಣುತ್ತದೆ. ಆಗ ಸ್ವಿಚ್ ಆಫ್ ಮಾಡಬೇಡಿ. ಅರ್ಧಕ್ಕೆ ನಿಂತರೆ ಬಾಕ್ಸ್ ಪೂರ್ತಿ ಕೆಡಬಹುದು. ಕರೆಂಟ್ ಹೋಗಿ ಬರುವ ಊರಾದರೆ ಯುಪಿಎಸ್ ಲೈನಿಗೆ ಹಾಕಿ ಶುರು ಮಾಡಿ.

ಆಮೇಲೆ ಆಟೋ ಸ್ಕ್ಯಾನ್. ಫ್ರೀಕ್ವೆನ್ಸಿ ಕೇಳಿದರೆ ಕೇಬಲ್‌ನವರು ಹೇಳಿದ್ದನ್ನೇ ಹಾಕಿ, ಅಂದಾಜಿನಲ್ಲಿ ಬದಲಾಯಿಸಬೇಡಿ. ಸ್ಕ್ಯಾನ್ ಮುಗಿದ ಮೇಲೆ ಸಿಗ್ನಲ್ ಪುಟ ತೆರೆದು ಹಂತ 2ರ ಫೋಟೊ ಜೊತೆ ಹೋಲಿಸಿ. ಒಂದೊಂದು ಕಂಪನಿಯ ಬಾಕ್ಸ್ ಒಂದೊಂದು ಲೆಕ್ಕದಲ್ಲಿ ಅಂಕಿ ತೋರಿಸುತ್ತದೆ. ಹಾಗಾಗಿ ಅಂಕಿ ಬೇರೆ ಇದ್ದರೆ ಗಾಬರಿ ಬೇಡ. ಕ್ವಾಲಿಟಿ ಏರಿಳಿಯದೆ ನಿಂತಿದೆಯಾ ಅನ್ನುವುದೇ ಮುಖ್ಯ.

ಹಂತ 6: ಆಕ್ಟಿವೇಶನ್

ಎಷ್ಟೋ ಜನ ಬಾಕ್ಸ್ ಇನ್ನೂ ಡಬ್ಬದಲ್ಲಿರುವಾಗಲೇ ‘ಆಕ್ಟಿವೇಟ್ ಮಾಡಿಬಿಡಿ’ ಅಂತ ಫೋನ್ ಮಾಡುತ್ತಾರೆ. ಹಾಗೆ ಮಾಡಬಾರದು. ಚಾನೆಲ್ ತೆರೆಯುವ ಆಜ್ಞೆ ನಿಮ್ಮ ಬಾಕ್ಸಿಗೆ ಬರುವುದು ಅದೇ ಕೇಬಲ್ ವೈರಿನಲ್ಲಿ. ಆ ಆಜ್ಞೆಯನ್ನು ಕೆಲ ಹೊತ್ತು ಪದೇಪದೇ ಕಳಿಸುತ್ತಾರೆ, ಆಮೇಲೆ ನಿಲ್ಲಬಹುದು. ಆಗ ಬಾಕ್ಸ್ ಆಫ್ ಇದ್ದರೆ ಅದಕ್ಕೆ ಏನೂ ತಲುಪುವುದಿಲ್ಲ. ಕೇಬಲ್‌ನವರ ಕಂಪ್ಯೂಟರಿನಲ್ಲಿ ‘ಆಕ್ಟಿವ್’ ಅಂತ ಇರುತ್ತದೆ, ನಿಮ್ಮ ಟಿವಿಯಲ್ಲಿ ‘ಸ್ಕ್ರ್ಯಾಂಬಲ್ಡ್’ (ಚಾನೆಲಿಗೆ ಬೀಗ ಇದೆ) ಅಂತ ಇರುತ್ತದೆ.

ಬಾಕ್ಸ್ ಜೋಡಿಸಿ, ಸ್ಕ್ಯಾನ್ ಮುಗಿಸಿ, ನಿಮ್ಮ ಪ್ಯಾಕಿನಲ್ಲಿ ಇರಬೇಕಾದ ಒಂದು ಕನ್ನಡ ಚಾನೆಲ್ ಇಟ್ಟುಕೊಂಡು ಆಮೇಲೆ ಫೋನ್ ಮಾಡಿ. ಹೊಸ ಬಾಕ್ಸಿನ ನಂಬರನ್ನು ಅಂಕಿ ಅಂಕಿಯಾಗಿ ಓದಿ ಹೇಳಿ, ವಾಟ್ಸಾಪಿನಲ್ಲಿ ಸ್ಟಿಕರ್ ಫೋಟೊ ಕಳಿಸಿದರೆ ಇನ್ನೂ ಒಳ್ಳೆಯದು. ಅರ್ಧ ಗಂಟೆ ಬಾಕ್ಸ್ ಆನ್ ಇರಲಿ, ಚಾನೆಲ್ ಬದಲಾಯಿಸುತ್ತಾ ಕೂರಬೇಡಿ. ಆದರೂ ಬರದಿದ್ದರೆ ‘ಇನ್ನೊಂದು ಸಲ ರಿಫ್ರೆಶ್ ಕಳಿಸಿ’ ಅನ್ನಿ. ಹಳೆ ಬಾಕ್ಸಿನ ನಂಬರನ್ನು ನಿಲ್ಲಿಸಿದ್ದಾರಾ ಅಂತ ಕೇಳುವುದು ಮರೆಯಬೇಡಿ. ಇಲ್ಲದಿದ್ದರೆ ಎರಡಕ್ಕೂ ಬಿಲ್ ಬರುತ್ತದೆ.

ಇದರ ನಡುವೆ ಯಾರೋ ಫೋನ್ ಮಾಡಿ ‘ಬಾಕ್ಸ್ ಬ್ಲಾಕ್ ಆಗುತ್ತೆ, ಲಿಂಕ್ ಒತ್ತಿ, ಒಟಿಪಿ ಹೇಳಿ’ ಅಂದರೆ ಕಟ್ ಮಾಡಿ. ನಿಮಗೆ ಗೊತ್ತಿರುವ ಕೇಬಲ್‌ನವರ ನಂಬರಿಗೆ ನೀವೇ ಫೋನ್ ಮಾಡಿ ಕೇಳಿಕೊಳ್ಳಿ.

ಹಂತ 7: ಚಿತ್ರ, ದನಿ, ರಿಮೋಟ್

ಬಾಕ್ಸಿನ ವಿಡಿಯೊ ಸೆಟ್ಟಿಂಗಿನಲ್ಲಿ 1080ಐ ಇಡಿ. 32 ಇಂಚಿನ ಎಚ್‌ಡಿ ರೆಡಿ ಟಿವಿಯಲ್ಲಿ ಚಿತ್ರ ಮಿನುಗಿದರೆ 720ಪಿ ಮಾಡಿ ನೋಡಿ. ಆಕಾರ 16:9 ಇರಲಿ. ಸುದ್ದಿ ಚಾನೆಲಿನ ಕೆಳಗಿನ ಸಾಲು ಅರ್ಧ ಕತ್ತರಿಸಿದರೆ ಅದು ಟಿವಿಯ ಸೆಟ್ಟಿಂಗ್. ಟಿವಿಯ ರಿಮೋಟಿನಲ್ಲಿ ಪಿಕ್ಚರ್ ಸೈಜ್ ತೆರೆದು, ಚಿತ್ರವನ್ನು ಇದ್ದ ಹಾಗೇ ತೋರಿಸುವ ಆಯ್ಕೆ ಕೊಡಿ. ಜಸ್ಟ್ ಸ್ಕ್ಯಾನ್, ಸ್ಕ್ರೀನ್ ಫಿಟ್ ಅಂತೆಲ್ಲ ಹೆಸರಿರುತ್ತದೆ.

ಕೆಲವು ಎಚ್‌ಡಿ ಚಾನೆಲಿನಲ್ಲಿ ಮಾತ್ರ ದನಿ ಇಲ್ಲವಾ? ಆಡಿಯೊ ಸೆಟ್ಟಿಂಗನ್ನು ಡಾಲ್ಬಿಯಿಂದ ಪಿಸಿಎಂಗೆ ಬದಲಾಯಿಸಿ, ಸಾಮಾನ್ಯವಾಗಿ ಸರಿಹೋಗುತ್ತದೆ.

ಮನೆಯ ಹಿರಿಯರಿಗೆ ಎರಡು ರಿಮೋಟ್ ಕಷ್ಟ. ಹೊಸ ಬಾಕ್ಸಿನ ರಿಮೋಟಿನಲ್ಲಿ ಟಿವಿಗೆ ಅಂತ ಬೇರೆ ಬಣ್ಣದ ಗುಂಡಿಗಳಿದ್ದರೆ ಟಿವಿ ಆನ್-ಆಫ್, ಸೌಂಡ್ ಕಲಿಸಬಹುದು. ಎರಡು ರಿಮೋಟಿನ ಮೂತಿ ಎದುರುಬದುರು ಇಟ್ಟು, ಸೆಟ್ ಗುಂಡಿಯನ್ನು ಕೆಂಪು ದೀಪ ನಿಲ್ಲುವವರೆಗೆ ಒತ್ತಿ, ಆಮೇಲೆ ಕಲಿಸಬೇಕಾದ ಗುಂಡಿ, ಆಮೇಲೆ ಟಿವಿ ರಿಮೋಟಿನ ಅದೇ ಗುಂಡಿ. ಕೊನೆಗೆ ಮತ್ತೆ ಸೆಟ್. ಹಳೆ ಬಾಕ್ಸಿನಲ್ಲಿ ಬಾಯಿಪಾಠವಾಗಿದ್ದ ಚಾನೆಲ್ ನಂಬರ್ ಎಚ್‌ಡಿಯಲ್ಲಿ ಬೇರೆ ಇರುತ್ತದೆ. ಅವರು ನೋಡುವ ಐದಾರು ಚಾನೆಲಿನ ಹೊಸ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆದು ಟಿವಿ ಪಕ್ಕ ಅಂಟಿಸಿ. ಫೇವರಿಟ್ ಪಟ್ಟಿಗಿಂತ ಈ ಚೀಟಿಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹಂತ 8: ಆಂಡ್ರಾಯ್ಡ್ ಬಾಕ್ಸ್ ಆದರೆ

ಇದು ಕೇಬಲ್ ಜೊತೆಗೆ ಇಂಟರ್ನೆಟ್ಟೂ ನಡೆಯುವ ಬಾಕ್ಸ್. ಮೊದಲು ಕೇಬಲ್ ಚಾನೆಲ್ ಸರಿಮಾಡಿ, ಇಂಟರ್ನೆಟ್ ಆಮೇಲೆ. ವೈಫೈಯಲ್ಲಿ ರೌಟರ್ ಅದೇ ಕೋಣೆಯಲ್ಲಿದ್ದರೆ 5 ಗಿಗಾಹರ್ಟ್ಸ್, ಗೋಡೆ ದಾಟಿ ಬರಬೇಕಾದರೆ 2.4. ಬಂದ ಹುಡುಗ ‘ನನ್ನ ಅಕೌಂಟಲ್ಲೇ ಹಾಕಿಕೊಡ್ತೀನಿ’ ಅಂದರೆ ಬೇಡ ಅನ್ನಿ. ನಿಮ್ಮದೇ ಗೂಗಲ್ ಅಕೌಂಟ್ ಹಾಕಿ, ಅದರಲ್ಲಿ ಏನಾದರೂ ಕೊಳ್ಳುವಾಗ ಗುಪ್ತ ನಂಬರ್ (ಪಿನ್) ಕೇಳುವ ಹಾಗೆ ಇಡಿ.

ಹಂತ 9: ಹಳೆ ಬಾಕ್ಸ್ ವಾಪಸ್

ಹೊಸದು ಒಂದು ವಾರ ಸರಿಯಾಗಿ ನಡೆಯುವವರೆಗೆ ಹಳೆಯದನ್ನು ರಿಮೋಟ್, ಅಡಾಪ್ಟರ್ ಸಮೇತ ಎತ್ತಿಡಿ. ಆಮೇಲೆ ಬಿಲ್ ನೋಡಿ. ಬಾಡಿಗೆಯದ್ದಾದರೆ ವಾಪಸ್ ಕೊಟ್ಟು, ಸೀರಿಯಲ್ ನಂಬರ್ ಮತ್ತು ತಾರೀಕು ಇರುವ ರಸೀದಿ ಪಡೆಯಿರಿ. ‘ಹುಡುಗ ತಗೊಂಡು ಹೋದ’ ಅನ್ನುವುದಕ್ಕೆ ಸಾಕ್ಷಿ ಇರುವುದಿಲ್ಲ, ಡಿಪಾಸಿಟ್ ಕೇಳಲು ಹೋದಾಗ ಅದೇ ತಕರಾರು. ಆಂಡ್ರಾಯ್ಡ್ ಬಾಕ್ಸ್ ಆಗಿದ್ದರೆ ಕೊಡುವ ಮೊದಲು ಅಕೌಂಟ್ ತೆಗೆದು ಫ್ಯಾಕ್ಟರಿ ರೀಸೆಟ್ ಮಾಡಿ. ನಿಮ್ಮದೇ ಸ್ವಂತದ್ದು, ಕೆಟ್ಟಿದೆ ಅಂದರೆ ಕಸದ ಗಾಡಿಗೆ ಹಾಕಬೇಡಿ. ಅದು ಇ-ತ್ಯಾಜ್ಯ, ಅಧಿಕೃತ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಹೋಗಬೇಕು. ಒಳ್ಳೆಯ ಸ್ಥಿತಿಯ ಅಡಾಪ್ಟರ್ ಮಾತ್ರ ಇಟ್ಟುಕೊಳ್ಳಿ, ಅದರ ಮೇಲೆ ವೋಲ್ಟ್ ಎಷ್ಟು ಅಂತ ಪೆನ್ನಿನಲ್ಲಿ ದೊಡ್ಡದಾಗಿ ಬರೆದು.